ಮಗುವನ್ನು ಕರಾಟೆಗೆ ಹಾಕುವ ಮುಂಚೆ: ಮುಂಬಯಿಯ ಕನ್ನಡಿಗ ಅಪ್ಪ ಅಮ್ಮಂದಿರಿಗೆ

ಜೂನ್ ಬಂತು ಅಂದರೆ ನಮ್ಮಂಥ ಕರಾಟೆ ಮೇಷ್ಟ್ರುಗಳ ಫೋನಿಗೆ ಬಿಡುವಿರುವುದಿಲ್ಲ. ರಜೆಗೆ ಊರಿಗೆ ಹೋದ ಮನೆಯವರೆಲ್ಲ ವಾಪಸ್ ಬಂದಿರುತ್ತಾರೆ. ಊರಲ್ಲಿ ಅಜ್ಜಿ "ಮಗು ಯಾಕೆ ಹೀಗೆ ಸೊರಗಿದೆ" ಅಂತಲೋ, "ಇದೇನು ಈ ವಯಸ್ಸಿಗೇ ಹೊಟ್ಟೆ" ಅಂತಲೋ ಒಂದು ಮಾತು ಅಂದಿರುತ್ತಾರೆ. ಡೊಂಬಿವಲಿಯಿಂದಲೋ ಮೀರಾ ರೋಡಿನಿಂದಲೋ ಯಾರೋ ಕನ್ನಡದಲ್ಲೇ ಕೇಳುತ್ತಾರೆ: "ಸರ್, ಹುಡುಗ ಮೊಬೈಲ್ ಬಿಡೋದೇ ಇಲ್ಲ. ನಿಮ್ಮ ಕ್ಲಾಸಿಗೆ ಹಾಕಿದ್ರೆ ಸರಿ ಹೋಗ್ತಾನಾ?"

ಸರಿ ಹೋಗಬಹುದು, ಹೋಗದೆಯೂ ಇರಬಹುದು. ಅದು ಯಾವ ಕಲೆ ಅನ್ನುವುದಕ್ಕಿಂತ ಯಾರು ಕಲಿಸುತ್ತಾರೆ, ಹೇಗೆ ಕಲಿಸುತ್ತಾರೆ ಅನ್ನುವುದರ ಮೇಲೆ ನಿಂತಿದೆ. ಇಷ್ಟು ವರ್ಷ ಕಲಿಸಿದ ಮೇಲೆ ನನಗೆ ಗಟ್ಟಿಯಾಗಿ ಹೇಳಲು ಬರುವ ಮಾತು ಇದೊಂದೇ. ಹಾಗಾಗಿ ಕ್ಲಾಸು ಹುಡುಕುವುದರಿಂದ ಹಿಡಿದು ಮೊದಲ ಸ್ಪರ್ಧೆಯವರೆಗೆ ಏನೇನು ನೋಡಬೇಕು, ಏನು ಕೇಳಬೇಕು ಅಂತ ಇಲ್ಲಿ ಬರೆದಿದ್ದೇನೆ.

1. ಯಾಕೆ ಅಂತ ಮನೆಯಲ್ಲಿ ಮೊದಲು ಮಾತಾಡಿ

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಜೋರಾಗುವಷ್ಟು ಮೈ ಆಡಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಅದರ ಜೊತೆ ವಾರಕ್ಕೆ 3 ದಿನವಾದರೂ ಸ್ನಾಯು, ಮೂಳೆಗೆ ಬಲ ಬರುವಂಥ ಕಸರತ್ತು ಬೇಕು. ನಮ್ಮ ಮುಂಬಯಿ ಮಕ್ಕಳ ದಿನ ಲೆಕ್ಕ ಹಾಕಿ ನೋಡಿ. ಸ್ಕೂಲ್ ಬಸ್ಸು, ಸ್ಕೂಲು, ಟ್ಯೂಷನ್, ಮನೆ. ಬಿಲ್ಡಿಂಗ್ ಕಾಂಪೌಂಡಿನಲ್ಲಿ ಕಾರುಗಳು ನಿಂತಿವೆ. ಚೆಂಡು ಹಿಡಿದು ಇಳಿದರೆ ವಾಚ್‌ಮನ್ ಸೀಟಿ ಊದುತ್ತಾನೆ. ವಾರಕ್ಕೆ ಎರಡು ಮೂರು ದಿನದ ಕ್ಲಾಸು ಈ ಕೊರತೆಯನ್ನು ಪೂರ್ತಿ ತುಂಬುವುದಿಲ್ಲ, ಆದರೆ ದೊಡ್ಡ ಪಾಲು ತುಂಬುತ್ತದೆ.

ಇದು ಮೈಯ ವಿಷಯ. ಮನಸ್ಸಿನ ವಿಷಯಕ್ಕೆ ಬಂದರೆ ಅಪ್ಪ ಅಮ್ಮಂದಿರ ಆಸೆಗಳು ಬೇರೆ ಬೇರೆ. ಕೆಲವರಿಗೆ ಮಗುವಿನ ನಾಚಿಕೆ ಹೋಗಬೇಕು. ಕೆಲವರಿಗೆ ಸಿಟ್ಟು ಇಳಿಯಬೇಕು. ಇನ್ನು ಕೆಲವರ ಮಗುವನ್ನು ಸ್ಕೂಲಿನಲ್ಲಿ ಯಾರೋ ಗೋಳು ಹೊಯ್ದುಕೊಳ್ಳುತ್ತಿರುತ್ತಾರೆ. ನಿಮ್ಮ ಕಾರಣ ಯಾವುದು ಅಂತ ಸ್ಪಷ್ಟವಿದ್ದರೆ ಮೇಷ್ಟ್ರ ಹತ್ತಿರ ಸರಿಯಾದ ಪ್ರಶ್ನೆ ಕೇಳಬಹುದು. ಮಗುವಿನ ಕಾರಣವನ್ನೂ ಕೇಳಿಕೊಳ್ಳಿ. "ಸೊಂಟಕ್ಕೆ ಹಳದಿ ಬೆಲ್ಟ್ ಬೇಕು" ಅನ್ನುವುದೂ ಒಳ್ಳೆಯ ಕಾರಣವೇ, ನಗಬೇಡಿ.

ವಯಸ್ಸಿನ ವಿಷಯ. 4 ವರ್ಷದ ಮಗುವಿಗೆ ಕರಾಟೆ ಕಲಿಸುತ್ತೇವೆ ಅನ್ನುವ ಬೋರ್ಡುಗಳು ಈಗ ಬೀದಿ ಬೀದಿಯಲ್ಲಿವೆ. ಆ ವಯಸ್ಸಿಗೆ ಓಡುವುದು, ಹಾರುವುದು, ಉರುಳುವುದು, ಒಂಟಿ ಕಾಲಲ್ಲಿ ನಿಲ್ಲುವುದು ಸಾಕು. ಕ್ಲಾಸಿನಲ್ಲಿ ಅದನ್ನೇ ಆಟವಾಗಿ ಮಾಡಿಸಿದರೆ ಕಳಿಸಿ. ಸಾಲಾಗಿ ನಿಂತು, ಹೇಳಿದ್ದನ್ನು ನೆನಪಿಟ್ಟುಕೊಂಡು, ಎಡ ಬಲ ತಪ್ಪದೆ ಮಾಡುವ ಅಭ್ಯಾಸಕ್ಕೆ 7-8 ವರ್ಷ ಒಳ್ಳೆಯ ಕಾಲ. 12ಕ್ಕೆ ಶುರು ಮಾಡಿದರೂ ತಡವೇನಲ್ಲ. ತಡವಾಗಿ ಬಂದವರೇ ಎಷ್ಟೋ ಸಲ ಬೇಗ ಹಿಡಿಯುತ್ತಾರೆ.

2. ಡಾಕ್ಟರರನ್ನು ಒಮ್ಮೆ ಕೇಳಿ

ಆಸ್ತಮಾ, ಫಿಟ್ಸ್, ಹೃದಯದ ತೊಂದರೆ, ಹಿಂದೆ ಮುರಿದ ಮೂಳೆ ಇದ್ದರೆ ಮಕ್ಕಳ ಡಾಕ್ಟರರನ್ನು ಕೇಳಿಯೇ ಸೇರಿಸಿ. ಇವು ಇದ್ದರೆ ಕ್ಲಾಸು ಬೇಡ ಅಂತಲ್ಲ. ಆಸ್ತಮಾ ಇರುವ ಮಕ್ಕಳು ಚೆನ್ನಾಗಿ ಕಲಿಯುತ್ತಾರೆ. ಇನ್‌ಹೇಲರ್ ಬ್ಯಾಗಿನಲ್ಲಿರಬೇಕು, ಅದು ಎಲ್ಲಿದೆ ಅಂತ ಮೇಷ್ಟ್ರಿಗೆ ಗೊತ್ತಿರಬೇಕು. ಫಾರಂ ತುಂಬುವಾಗ ಇಂಥದ್ದನ್ನು ಮುಚ್ಚಿಡುವ ಅಪ್ಪಂದಿರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

3. ಯಾವ ಕಲೆ?

ಮುಂಬಯಿಯಲ್ಲಿ ಸುಲಭವಾಗಿ ಸಿಗುವುದು ಕರಾಟೆ ಮತ್ತು ಟೈಕ್ವಾಂಡೋ. ಕರಾಟೆ ಹುಟ್ಟಿದ್ದು ಒಕಿನಾವಾ ದ್ವೀಪದಲ್ಲಿ. ಗಿಚಿನ್ ಫುನಾಕೋಶಿ ಅನ್ನುವ ಮೇಷ್ಟ್ರು 1922ರಲ್ಲಿ ಟೋಕಿಯೋದಲ್ಲಿ ಅದನ್ನು ಮಾಡಿ ತೋರಿಸಿದ ಮೇಲೆ ಜಪಾನಿನ ಉಳಿದ ಕಡೆ ಹಬ್ಬಿತು. ಫುನಾಕೋಶಿ ವೃತ್ತಿಯಲ್ಲಿ ಶಾಲಾ ಶಿಕ್ಷಕರಾಗಿದ್ದವರು. ಕರಾಟೆಯಲ್ಲಿ ಕಾತಾ ಅಂತ ಇದೆ. ಎದುರಾಳಿ ಇಲ್ಲದೆ, ಗೊತ್ತಾದ ಕ್ರಮದಲ್ಲಿ ಒಬ್ಬರೇ ಮಾಡುವ ಹೆಜ್ಜೆ, ಹೊಡೆತ, ತಡೆಗಳ ಸರಣಿ. ನಾಚಿಕೆಯ ಮಕ್ಕಳಿಗೆ ಇದು ವರ. ಯಾರನ್ನೂ ಮುಟ್ಟದೆ, ಯಾರಿಂದಲೂ ಹೊಡೆಸಿಕೊಳ್ಳದೆ "ನನಗೆ ಇದು ಬರುತ್ತದೆ" ಅನ್ನುವ ಧೈರ್ಯ ಬರುತ್ತದೆ. ಟೈಕ್ವಾಂಡೋ ಕೊರಿಯಾದ್ದು, ಕಾಲಿನ ಒದೆತ ಜಾಸ್ತಿ. ಕೂತಲ್ಲಿ ಕೂರದ ಮಕ್ಕಳಿಗೆ ಇಷ್ಟವಾಗುತ್ತದೆ.

ಒಲಿಂಪಿಕ್ಸ್ ಕನಸಿದ್ದರೆ ಒಂದು ಮಾತು. ಟೈಕ್ವಾಂಡೋ 2000ದ ಸಿಡ್ನಿಯಿಂದ ಪದಕದ ಆಟ. ಕರಾಟೆ ಒಂದೇ ಸಲ, 2021ರಲ್ಲಿ ನಡೆದ ಟೋಕಿಯೋ ಕೂಟದಲ್ಲಿ ಇತ್ತು. 2024ರ ಪ್ಯಾರಿಸ್‌ನಲ್ಲಿ ಇರಲಿಲ್ಲ. "ಒಲಿಂಪಿಕ್ ಕರಾಟೆ" ಅಂತ ಪಾಂಪ್ಲೆಟ್‌ನಲ್ಲಿ ಕಂಡರೆ ಇದನ್ನು ನೆನಪಿಡಿ.

ನನ್ನನ್ನು ಕೇಳಿದರೆ, ಹತ್ತಿರದಲ್ಲಿ ಒಳ್ಳೆಯ ಜೂಡೋ ಕ್ಲಾಸು ಸಿಕ್ಕಿದರೆ ಅದನ್ನು ಬಿಡಬೇಡಿ. ಕರಾಟೆ ಮೇಷ್ಟ್ರೇ ಹೀಗೆ ಹೇಳುವುದು ಅಂದರೆ ಕಾರಣ ಇರಬೇಕು ಅಲ್ವಾ? ಜಿಗೊರೊ ಕಾನೋ 1882ರಲ್ಲಿ ಕೊಡೊಕಾನ್ ಶಾಲೆ ತೆರೆದು ಕಟ್ಟಿದ ಈ ಕಲೆಯಲ್ಲಿ ಮೊದಲ ಪಾಠವೇ ಬೀಳುವುದು. ತಲೆಗೆ ಪೆಟ್ಟಾಗದ ಹಾಗೆ ಗದ್ದ ಎದೆಗೆ ಒತ್ತಿ, ಕೈಯಿಂದ ಮ್ಯಾಟ್ ಬಡಿದು, ಉರುಳಿ ಬೀಳುವುದು. ಸೈಕಲ್ಲಿನಿಂದ ಬಿದ್ದಾಗ, ಮಳೆಗಾಲದಲ್ಲಿ ಮೆಟ್ಟಿಲಲ್ಲಿ ಜಾರಿದಾಗ ಕೈಹಿಡಿಯುವ ವಿದ್ಯೆ ಇದು. ಆದರೆ ಜೂಡೋಗೆ ಒಳ್ಳೆಯ ಮ್ಯಾಟ್ ಬೇಕೇ ಬೇಕು. ಟೈಲ್ಸ್ ನೆಲದ ಮೇಲೆ ಎತ್ತಿ ಹಾಕುವುದನ್ನು ಕಲಿಸುವ ಕಡೆ ಒಂದು ನಿಮಿಷವೂ ನಿಲ್ಲಬೇಡಿ.

ಇನ್ನು ಮಲ್ಲಕಂಬ. ಇದು ಹೊಡೆದಾಟದ ಕಲೆ ಅಲ್ಲ. ಕುಸ್ತಿಪಟುಗಳು ಮೈ ಹದ ಮಾಡಿಕೊಳ್ಳಲು ಕಂಬದ ಮೇಲೆ ಮಾಡುತ್ತಿದ್ದ ಕಸರತ್ತು. ಈಗಿನ ರೂಪಕ್ಕೆ ತಂದವರು ಪೇಶ್ವೆ ಎರಡನೇ ಬಾಜಿರಾಯನ ಕಾಲದ ಬಾಳಂಭಟ್ಟ ದಾದಾ ದೇವಧರ್ ಅನ್ನುತ್ತಾರೆ. ಆದರೆ ಮಲ್ಲಸ್ತಂಭದ ಮಾತು ಅದಕ್ಕೂ ಎಷ್ಟೋ ಹಿಂದೆ, 12ನೇ ಶತಮಾನದಲ್ಲಿ, ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಮಾನಸೋಲ್ಲಾಸ ಅನ್ನುವ ಸಂಸ್ಕೃತ ಗ್ರಂಥದಲ್ಲೇ ಬರುತ್ತದೆ. ಮಹಾರಾಷ್ಟ್ರದ ಗೆಳೆಯರ ಹತ್ತಿರ ಇದನ್ನು ಹೇಳಿ ನಾನು ಸುಮ್ನೆ ಕೆಣಕುವುದುಂಟು. ದಾದರಿನ ಶಿವಾಜಿ ಪಾರ್ಕಿನಲ್ಲಿ ಶ್ರೀ ಸಮರ್ಥ ವ್ಯಾಯಾಮ ಮಂದಿರ ಇದೆ. ಅಲ್ಲಿ ದಶಕಗಳ ಕಾಲ ಮಲ್ಲಕಂಬ ಕಲಿಸಿದ ಉದಯ ದೇಶಪಾಂಡೆ ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಸಂಜೆ ಹೊತ್ತು ಮಗುವನ್ನು ಕರೆದುಕೊಂಡು ಹೋಗಿ ಸುಮ್ಮನೆ ನೋಡಿ ಬನ್ನಿ. ಹೆಣ್ಣುಮಕ್ಕಳು ಹಗ್ಗದ ಮೇಲೆ ಮಾಡುವ ಮಲ್ಲಕಂಬ ಕಂಡರೆ ಯಾವ ಮಗುವೂ ಬಾಯಿ ಬಿಟ್ಟು ನೋಡುತ್ತದೆ.

ಕುಸ್ತಿ ನಮ್ಮವರಿಗೆ ಹೊಸದಲ್ಲ. ಗರಡಿ ಮನೆ, ಮಟ್ಟಿ, ಸಾಮು ಅಂದರೆ ಹಳೇ ಮೈಸೂರಿನವರಿಗೂ ಬೆಳಗಾವಿ ಕಡೆಯವರಿಗೂ ಗೊತ್ತು. ತುಳುನಾಡಿನವರಿಗೆ ಗರಡಿ ಅಂದರೆ ಕೋಟಿ ಚೆನ್ನಯರ ಸ್ಥಾನ. ಇಲ್ಲಿ ಲಾಲ್‌ಬಾಗ್, ಪರೇಲ್ ಕಡೆ ಗಿರಣಿ ಕಾಲದಿಂದ ವ್ಯಾಯಾಮಶಾಲೆಗಳ ಸಂಪ್ರದಾಯ ಇದೆ. ಮಗುವಿಗೆ ಮೈಗೆ ಮೈ ತಾಗಿಸಿ ಆಡುವುದು ಇಷ್ಟವಾದರೆ ಇದೂ ಒಂದು ದಾರಿ. ಕೇರಳದ ಸಮರಕಲೆ ಕಳರಿ ಕಲಿಸುವವರು ಹತ್ತಿರದಲ್ಲಿದ್ದರೆ ಅದೂ ಚೆಂದ. ಈಗಾಗಲೇ ಯಕ್ಷಗಾನ ಕಲಿಯುತ್ತಿರುವ ಮಗುವಾದರೆ, ಮಂಡಿ ತಿರುಗಿ ತಿರುಗಿ ಕಾಲಿಗೆ ಬಲ ಬಂದಿರುತ್ತದೆ, ತಾಳದ ಲೆಕ್ಕವೂ ಗೊತ್ತಿರುತ್ತದೆ. ಇಂಥ ಮಕ್ಕಳು ಕಾತಾ ಬೇಗ ಹಿಡಿಯುತ್ತಾರೆ. ಎರಡರಲ್ಲಿ ಒಂದು ಬಿಡಿಸುವ ಮುಂಚೆ ಯೋಚಿಸಿ.

ಇಷ್ಟೆಲ್ಲ ಹೇಳಿದ ಮೇಲೂ, ಮುಂಬಯಿಯಲ್ಲಿ ಕೊನೆಗೆ ತೀರ್ಮಾನ ಮಾಡುವುದು ದೂರ. ಮನೆಯಿಂದ ನಡೆದೋ ಆಟೋದಲ್ಲೋ ಕಾಲು ಗಂಟೆಯಲ್ಲಿ ತಲುಪುವ ಕ್ಲಾಸು ಆರಿಸಿ. ಸಂಜೆ 6 ಗಂಟೆಯ ಲೋಕಲ್‌ನಲ್ಲಿ ಮಗುವನ್ನು ಹತ್ತಿಸಿಕೊಂಡು ಹೋಗಬೇಕಾದ ಕ್ಲಾಸು, ಎಷ್ಟೇ ಹೆಸರುವಾಸಿ ಆಗಿರಲಿ, ದೀಪಾವಳಿಯ ಹೊತ್ತಿಗೆ ನಿಂತಿರುತ್ತದೆ.

4. ಹಣ ಕಟ್ಟುವ ಮೊದಲು ಒಂದು ಪೂರ್ತಿ ಕ್ಲಾಸು ಕೂತು ನೋಡಿ

ಇದು ಎಲ್ಲಕ್ಕಿಂತ ಮುಖ್ಯ. ಮೊದಲ ಹತ್ತು ನಿಮಿಷ ನೋಡಿ ಎದ್ದು ಹೋಗಬೇಡಿ, ಕೊನೆಯವರೆಗೆ ಕೂರಿ. ಅಪ್ಪ ಅಮ್ಮ ಕೂತು ನೋಡುವುದು ಬೇಡ ಅನ್ನುವ ಕ್ಲಾಸಾದರೆ ಅಲ್ಲಿಗೇ ನಮಸ್ಕಾರ ಹೇಳಿ ಬನ್ನಿ. ಮಕ್ಕಳ ಗಮನ ಹೋಗುತ್ತದೆ ಅನ್ನುವುದು ನಿಜವೇ. ಆದರೆ ತಿಂಗಳಿಗೊಂದು ದಿನವಾದರೂ ನೋಡಲು ಬಿಡಲೇಬೇಕು.

ಮೇಷ್ಟ್ರು ಒದೆಯುವುದು ಎಷ್ಟು ಎತ್ತರ ಅಂತ ನೋಡಬೇಡಿ. ತಪ್ಪು ಮಾಡಿದ ಮಗುವಿನ ಹತ್ತಿರ ಅವರು ಹೇಗೆ ಮಾತಾಡುತ್ತಾರೆ ಅಂತ ನೋಡಿ. ಹಿಂದಿನ ಸಾಲಿನ ಕೊನೆಯಲ್ಲಿ, ಎಡ ಬಲ ಗೊತ್ತಾಗದೆ ನಿಂತಿರುವ ಮಗು ಒಂದು ಇದ್ದೇ ಇರುತ್ತದೆ. ಆ ಮಗುವಿನ ಹತ್ತಿರ ಯಾರಾದರೂ ಹೋಗುತ್ತಾರಾ? ಹೆಸರು ಹಿಡಿದು ಕರೆಯುತ್ತಾರಾ, ಅಥವಾ "ಏ ಮೋಟೂ" ಅನ್ನುತ್ತಾರಾ? ಬೆತ್ತ, ಬೆಲ್ಟಿನಿಂದ ಹೊಡೆಯುವುದು ಕಂಡರೆ "ಶಿಸ್ತು ಅಂದರೆ ಹಾಗೇ" ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಹೊಡೆಯದೆ ಶಿಸ್ತು ತರಲು ಬಾರದವರಿಗೆ ಮಕ್ಕಳ ಕ್ಲಾಸು ನಡೆಸುವ ಕೆಲಸ ಬೇಡ.

ಇದು ಬರೀ ನನ್ನ ಅಭಿಪ್ರಾಯವಲ್ಲ. ಅಮೆರಿಕದಲ್ಲಿ 1986ರಲ್ಲಿ ಒಂದು ಸಣ್ಣ ಅಧ್ಯಯನ ಪ್ರಕಟವಾಯಿತು. ಪುಂಡಾಟಕ್ಕೆ ಬಿದ್ದ ಹದಿಹರೆಯದ ಹುಡುಗರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಧ್ಯಾನ, ಗೌರವ, ನಡತೆಯ ಪಾಠದ ಜೊತೆಗೆ ಸಾಂಪ್ರದಾಯಿಕ ಟೈಕ್ವಾಂಡೋ. ಇನ್ನೊಂದಕ್ಕೆ ಬರೀ ಹೊಡೆದಾಟದ ವರಸೆಗಳು. ಮೂರನೆಯದಕ್ಕೆ ಓಟ, ಬಾಸ್ಕೆಟ್‌ಬಾಲ್‌ನಂಥ ಆಟ. 6 ತಿಂಗಳ ನಂತರ ಮೊದಲ ಗುಂಪಿನ ಹುಡುಗರ ಸಿಟ್ಟು, ಜಗಳಗಂಟತನ ಇಳಿದಿತ್ತು. ಬರೀ ಹೊಡೆದಾಟ ಕಲಿತ ಗುಂಪಿನದು ಮೊದಲಿಗಿಂತ ಜಾಸ್ತಿ ಆಗಿತ್ತು. 2004ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಅಲ್ಲಿನದೇ ಒಂದು ಶಾಲೆಯ ಪುಟ್ಟ ತರಗತಿಗಳಿಂದ 5ನೇ ತರಗತಿಯವರೆಗಿನ ಮಕ್ಕಳಿಗೆ ಮೂರು ತಿಂಗಳು ಟೈಕ್ವಾಂಡೋ ಕಲಿಸಿದಾಗ, ಸಾಮಾನ್ಯ ಪಿಟಿ ಪೀರಿಯಡ್ ಮಾಡಿದ ಮಕ್ಕಳಿಗಿಂತ ಇವರಲ್ಲಿ ತಮ್ಮನ್ನು ತಾವು ಹಿಡಿತದಲ್ಲಿ ಇಟ್ಟುಕೊಳ್ಳುವ ಗುಣ ಹೆಚ್ಚಿತು ಅಂತ ಕಂಡುಬಂತು. ಇದಕ್ಕೆ ಉಲ್ಟಾ, 2005ರಲ್ಲಿ ನಾರ್ವೆಯಿಂದ ಬಂದ ಅಧ್ಯಯನ ಬಾಕ್ಸಿಂಗ್, ಕುಸ್ತಿ, ಕರಾಟೆಯಂಥ ಬಲದ ಆಟಗಳಿಗೆ ಹೋಗುವ 11-13 ವಯಸ್ಸಿನ ಹುಡುಗರಲ್ಲಿ ಜಗಳ, ಪುಂಡಾಟ ಹೆಚ್ಚಾದದ್ದನ್ನು ಹೇಳಿತು. ಕಲಿಸುವ ಜಾಗದ ಗಾಳಿ ಹೇಗಿದೆಯೋ ಮಗು ಹಾಗೆ ಆಗುತ್ತದೆ.

ಕ್ಲಾಸಿನಲ್ಲಿ ಇನ್ನೂ ಕೆಲವು ನೋಡಿಕೊಳ್ಳಿ. ಮೈ ಬಿಸಿ ಮಾಡಿಸದೆ ನೇರ ಒದೆತಕ್ಕೆ ಹೋಗುತ್ತಾರಾ? ಸ್ಪ್ಲಿಟ್ ಮಾಡಿಸಲು ಮಗುವಿನ ತೊಡೆಯ ಮೇಲೆ, ಬೆನ್ನ ಮೇಲೆ ದೊಡ್ಡವರು ಕೂತು ಒತ್ತುತ್ತಾರಾ? ಮಕ್ಕಳ ಮೂಳೆಯ ತುದಿಯಲ್ಲಿ ಇನ್ನೂ ಬೆಳೆಯುತ್ತಿರುವ ಮೆದು ಭಾಗ ಇರುತ್ತದೆ, ಅಲ್ಲಿ ಪೆಟ್ಟಾದರೆ ಬೆಳವಣಿಗೆಗೇ ತೊಂದರೆ ಆಗಬಹುದು. ಬೆರಳ ಗೆಣ್ಣಿನ ಮೇಲೆ ದಂಡ ಹೊಡೆಸುವುದು, ಹಂಚು ಒಡೆಸುವುದು, ಹೊಟ್ಟೆಯ ಮೇಲೆ ಬೈಕು ಹತ್ತಿಸುವುದು ಇವೆಲ್ಲ ವಾರ್ಷಿಕೋತ್ಸವದ ಸರ್ಕಸ್ಸು. ಚಪ್ಪಾಳೆ ಬರುತ್ತದೆ, ಮಗುವಿಗೆ ಮೂರು ಕಾಸಿನ ಪ್ರಯೋಜನವಿಲ್ಲ.

ಜಾಗ ನೋಡಿ. ಸೊಸೈಟಿ ಹಾಲೋ, ಟೆರೇಸೋ, ಶಾಲೆಯ ಹಾಲೋ, ಪಾರ್ಕೋ ಇರಬಹುದು. ಟೆರೇಸ್ ಆದರೆ ಕಟ್ಟೆ ಎಷ್ಟು ಎತ್ತರ? ಮಳೆ ಬಂದರೆ ಎಲ್ಲಿ ನಡೆಸುತ್ತಾರೆ? ಮುಂಬಯಿಯಲ್ಲಿ ಈ ಪ್ರಶ್ನೆ ಅಂದರೆ ವರ್ಷದ ನಾಲ್ಕು ತಿಂಗಳ ಪ್ರಶ್ನೆ. ತೇವ ಹಿಡಿದ ನೆಲದ ಮೇಲೆ ಬರಿಗಾಲಲ್ಲಿ ತಿರುಗಿ ಒದೆಯುವುದು ಅಪಾಯ.

5. ಕೇಳಲು ಸಂಕೋಚವಾಗುವ ಪ್ರಶ್ನೆಗಳು

ಹಣದ್ದು ಮೊದಲು. ತಿಂಗಳ ಫೀಸು ಮಾತ್ರ ಹೇಳುತ್ತಾರೆ, ಉಳಿದದ್ದು ಆಮೇಲೆ ಒಂದೊಂದಾಗಿ ಬರುತ್ತದೆ. ಪ್ರವೇಶ ಶುಲ್ಕ, ಡ್ರೆಸ್, ಸಂಘದ ಸದಸ್ಯತ್ವ, ಬೆಲ್ಟ್ ಪರೀಕ್ಷೆ, ಸರ್ಟಿಫಿಕೇಟ್, ಗಾರ್ಡುಗಳು, ಕ್ಯಾಂಪು, ಸ್ಪರ್ಧೆಯ ಫೀಸು. "ವರ್ಷಕ್ಕೆ ಒಟ್ಟು ಎಷ್ಟಾಗುತ್ತದೆ?" ಅಂತ ಒಂದೇ ಪ್ರಶ್ನೆ ಕೇಳಿ, ಉತ್ತರವನ್ನು ವಾಟ್ಸ್ಯಾಪಿನಲ್ಲಿ ಬರೆಸಿಕೊಳ್ಳಿ. ಪರೀಕ್ಷೆ ಎಷ್ಟು ತಿಂಗಳಿಗೊಮ್ಮೆ, ಫೇಲಾದ ಮಕ್ಕಳು ಯಾರಾದರೂ ಇದ್ದಾರಾ ಅಂತಲೂ ಕೇಳಿ. ಎಂದೂ ಯಾರೂ ಫೇಲಾಗದ ಕ್ಲಾಸಿನಲ್ಲಿ ಬೆಲ್ಟಿಗೆ ಬೆಲೆ ಇಲ್ಲ. "ಎರಡು ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ" ಅಂದರೆ ಅದು ಅಂಗಡಿ. ಸೋಲ್‌ನಲ್ಲಿರುವ ಟೈಕ್ವಾಂಡೋದ ಕೇಂದ್ರ ಕುಕ್ಕಿವಾನ್ ಕೂಡ 15 ತುಂಬದ ಮಕ್ಕಳಿಗೆ ಡಾನ್, ಅಂದರೆ ದೊಡ್ಡವರ ಬ್ಲ್ಯಾಕ್ ಬೆಲ್ಟ್ ದರ್ಜೆ, ಕೊಡುವುದಿಲ್ಲ, ಪೂಮ್ ಅಂತ ಬೇರೆ ದರ್ಜೆ ಕೊಡುತ್ತದೆ.

ಎರಡನೆಯದು ಮಗುವಿನ ಸುರಕ್ಷತೆ. ವರಸೆ ತಿದ್ದುವಾಗ ಕೈ ಹಿಡಿದು, ಸೊಂಟ ಹಿಡಿದು ತಿರುಗಿಸಬೇಕಾಗುತ್ತದೆ. ಒಳ್ಳೆಯ ಮೇಷ್ಟ್ರು "ಕೈ ಹಿಡಿಯಲಾ?" ಅಂತ ಕೇಳಿ, ಎಲ್ಲರ ಎದುರಿಗೆ ತಿದ್ದುತ್ತಾರೆ. ಒಬ್ಬೊಬ್ಬರನ್ನೇ ಮುಚ್ಚಿದ ಕೋಣೆಯಲ್ಲಿ ಕಲಿಸುವುದು, ಮಗುವಿಗೆ ನೇರವಾಗಿ ಮೆಸೇಜ್ ಕಳಿಸುವುದು, ಅಪ್ಪ ಅಮ್ಮ ಇಲ್ಲದೆ ಹೊರ ಊರಿನ ಸ್ಪರ್ಧೆಗೆ ಕರೆದುಕೊಂಡು ಹೋಗುವುದಕ್ಕೆ ಒಪ್ಪಬೇಡಿ. ಬಟ್ಟೆ ಬದಲಿಸುವ ಜಾಗ ಕೇಳಿ. ಡ್ರೆಸ್ ಮನೆಯಲ್ಲೇ ಹಾಕಿ ಕಳಿಸಿದರೆ ಇನ್ನೂ ಒಳ್ಳೆಯದು. ಕ್ಲಾಸಿನಲ್ಲಿ ಒಬ್ಬ ಮಹಿಳಾ ಸಹಾಯಕಿಯಾದರೂ ಇದ್ದರೆ ಹೆಣ್ಣುಮಕ್ಕಳಿಗೆ ನಿರಾಳ. ಏನಾದರೂ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098 ಇದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು ಅಂತ 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಕ್ಲಾಸಿನ ಹೆಸರು ಕೆಡುತ್ತದೆ ಅಂತ ಮುಚ್ಚಿಡುವ ಹಾಗಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ಮಾತಿದೆ. 11-13ರ ವಯಸ್ಸಿಗೆ ತುಂಬ ಹುಡುಗಿಯರು ಕ್ಲಾಸು ಬಿಡುತ್ತಾರೆ. ಕೇಳಿದರೆ "ಓದು ಜಾಸ್ತಿ ಆಯ್ತು" ಅನ್ನುತ್ತಾರೆ. ಎಷ್ಟೋ ಸಲ ನಿಜವಾದ ಕಾರಣ ಬಿಳಿ ಪ್ಯಾಂಟು. ಮುಟ್ಟಿನ ದಿನಗಳಲ್ಲಿ ಬಿಳಿ ಬಟ್ಟೆ ಹಾಕಿಕೊಂಡು ಕಾಲು ಎತ್ತಿ ಒದೆಯಲು ಯಾವ ಮಗುವಿಗೆ ಧೈರ್ಯ ಬರುತ್ತದೆ ಹೇಳಿ? ಕಪ್ಪು ಪ್ಯಾಂಟು ಹಾಕಬಹುದಾ, ಕಾರಣ ಹೇಳದೆ ಒಂದು ದಿನ ಕೂತು ನೋಡಬಹುದಾ ಅಂತ ಅಮ್ಮಂದಿರು ಮೊದಲೇ ಕೇಳಿಬಿಡಿ. ನನ್ನ ಕ್ಲಾಸಿನಲ್ಲಿ ಎರಡಕ್ಕೂ ಹೌದು. ಮುಟ್ಟಾದಾಗ ಅಭ್ಯಾಸ ಮಾಡಬಾರದು ಅಂತೇನಿಲ್ಲ. ಮೈಗೆ ಹಿತವಿದ್ದರೆ ಮಾಡಲಿ.

6. ಮೊದಲ ಮೂರು ತಿಂಗಳು

ಮೊದಲ ದಿನವೇ ಡ್ರೆಸ್ ಕೊಳ್ಳಬೇಡಿ. ಟೀ ಶರ್ಟು, ಟ್ರ್ಯಾಕ್ ಪ್ಯಾಂಟು ಸಾಕು. ತಿಂಗಳು ಕಳೆದ ಮೇಲೂ ಮಗು ತಾನಾಗೇ ಬ್ಯಾಗು ಎತ್ತಿಕೊಂಡರೆ ಆಗ ಕೊಡಿಸಿ. ಒಂದು ಸೈಜು ದೊಡ್ಡದು ತಗೊಳ್ಳಿ, ಹತ್ತಿ ಬಟ್ಟೆ ಒಗೆದರೆ ಕುಗ್ಗುತ್ತದೆ.

ಮಳೆಗಾಲದಲ್ಲಿ ಈ ದಪ್ಪ ಡ್ರೆಸ್ ಒಣಗುವುದಿಲ್ಲ. ಅರೆ ಒಣಗಿದ್ದನ್ನೇ ಹಾಕಿ ಬೆವರಿದರೆ ತೊಡೆಸಂದಿಯಲ್ಲಿ ಗಜಕರ್ಣ ಗ್ಯಾರಂಟಿ. ಜುಲೈ, ಆಗಸ್ಟ್‌ನಲ್ಲಿ ಮೇಲಂಗಿ ಬದಲು ಟೀ ಶರ್ಟಿಗೆ ಅನುಮತಿ ಕೇಳಿ. ಇಲ್ಲವಾದರೆ ಫ್ಯಾನಿನ ಕೆಳಗೆ ರಾತ್ರಿಯಿಡೀ ಹರವಿ. ಕ್ಲಾಸು ಮುಗಿಸಿ ಬಂದ ತಕ್ಷಣ ಸ್ನಾನ, ಕಾಲ್ಬೆರಳ ಸಂದಿ ಒರೆಸುವುದು. ವಾರಕ್ಕೊಮ್ಮೆ ಉಗುರು ಕತ್ತರಿಸಿ. ಉಂಗುರ, ಬಳೆ, ಕಿವಿಯ ಲೋಲಾಕು ಮನೆಯಲ್ಲೇ ಬಿಟ್ಟು ಹೋಗಲಿ.

ತಿಂಡಿ ಸರಳ. ಕ್ಲಾಸಿಗೆ ಒಂದು ಗಂಟೆ ಮುಂಚೆ ಬಾಳೆಹಣ್ಣೋ, ಸ್ವಲ್ಪ ಅವಲಕ್ಕಿಯೋ ಕೊಡಿ. ಹೊಟ್ಟೆ ತುಂಬ ವಡಾ ಪಾವ್ ತಿಂದು ಬಂದ ಮಗು ಅರ್ಧ ಕ್ಲಾಸಿಗೇ ಹೊಟ್ಟೆ ಹಿಡಿದು ಕೂರುತ್ತದೆ. ಕ್ಲಾಸು ಆದ ಮೇಲೆ ಮನೆಯ ಊಟ. ಬೇಳೆ, ಹೆಸರುಕಾಳು, ಮೊಟ್ಟೆ, ಬಂಗುಡೆ, ಮನೆಯಲ್ಲಿ ಏನು ರೂಢಿಯೋ ಅದು. ಪ್ರೋಟೀನ್ ಪೌಡರ್ ಮಾರುವ ಮೇಷ್ಟ್ರಿಂದ ದೂರ ಇರಿ. ಮುಂಬಯಿಯ ಸೆಕೆಗೆ ನೀರಿನ ಬಾಟಲಿ ದೊಡ್ಡದಿರಲಿ. ನೀರು ಕುಡಿಯಲು ಬಿಡದಿರುವುದನ್ನು ಶಿಕ್ಷೆ ಮಾಡಿಕೊಂಡವರೂ ಇದ್ದಾರೆ, ಅದನ್ನು ಸಹಿಸಬೇಡಿ.

ಆರನೇ ಏಳನೇ ವಾರಕ್ಕೆ "ಇವತ್ತು ಹೋಗಲ್ಲ" ಶುರುವಾಗುತ್ತದೆ. ಇದು ಎಲ್ಲ ಮಕ್ಕಳಲ್ಲೂ ಬರುತ್ತದೆ. ಹೊಸತನ ಹೋಗಿರುತ್ತದೆ, ವರಸೆ ಇನ್ನೂ ಕೈಗೆ ಹತ್ತಿರುವುದಿಲ್ಲ. ಬೈದು ಕಳಿಸುವುದಕ್ಕಿಂತ, ಕಟ್ಟಿದ ತಿಂಗಳು ಮುಗಿಯುವವರೆಗೆ ಹೋಗು, ಆಮೇಲೆ ಮಾತಾಡೋಣ ಅನ್ನಿ. ಆದರೆ ನಿರ್ದಿಷ್ಟವಾಗಿ ಒಬ್ಬರ ಹೆಸರು ಹೇಳಿ ಹೆದರಿದರೆ, ನಿದ್ದೆ ಕೆಟ್ಟರೆ, ಹಾಸಿಗೆ ಒದ್ದೆ ಮಾಡಲು ಶುರು ಮಾಡಿದರೆ ಅದು ಸೋಮಾರಿತನ ಅಲ್ಲ. ನಿಲ್ಲಿಸಿ, ಕೂರಿಸಿಕೊಂಡು ಕೇಳಿ.

ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷದ ಅಭ್ಯಾಸ ಸಾಕು. ಒನ್ ಬಿಎಚ್‌ಕೆಯಲ್ಲಿ ಜಾಗ ಎಲ್ಲಿ ಅಂತ ಕೇಳಬೇಡಿ. ಮಂಚಕ್ಕೂ ಕಪಾಟಿಗೂ ನಡುವೆ ನಿಂತು ಹತ್ತು ದಂಡ, ಇಪ್ಪತ್ತು ಬಸ್ಕಿ, ಒಂಟಿ ಕಾಲಲ್ಲಿ ಇಪ್ಪತ್ತು ಎಣಿಸುವವರೆಗೆ ನಿಲ್ಲುವುದು, ಕೊನೆಗೆ ಕಣ್ಣು ಮುಚ್ಚಿ ಹತ್ತು ನಿಧಾನ ಉಸಿರು. ಅಪ್ಪನೂ ಜೊತೆಗೆ ನಿಂತರೆ ಮಗುವಿಗೆ ಮಜಾ, ಅಪ್ಪನ ಹೊಟ್ಟೆಗೂ ಒಳ್ಳೆಯದು. ಹತ್ತನೇ ಕ್ಲಾಸಿನವರೆಗೂ ಉಳಿಯುವ ಮಕ್ಕಳ ಮನೆಗಳಲ್ಲಿ ಇಂಥದ್ದೊಂದು ರೂಢಿ ಇರುವುದನ್ನು ಕಂಡಿದ್ದೇನೆ.

7. ಸ್ಪಾರಿಂಗ್ ಮತ್ತು ತಲೆಯ ಪೆಟ್ಟು

ಎದುರುಬದುರು ನಿಂತು ಆಡುವುದು ಮೊದಲ ವರ್ಷ ಬೇಡ, ಆಡಿದರೂ ಮುಟ್ಟದೆ ನಿಲ್ಲಿಸುವ ಆಟ ಇರಲಿ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2016ರ ವರದಿಯಲ್ಲಿ ಪೆಟ್ಟು ತಾಗದ ರೀತಿಯ ಅಭ್ಯಾಸವೇ ಮಕ್ಕಳಿಗೆ ಸುರಕ್ಷಿತ ಅಂದಿದೆ. ಮೆತ್ತನೆ ಹೆಲ್ಮೆಟ್ ಹಾಕಿದರೆ ಮೆದುಳಿಗೆ ಪೆಟ್ಟಾಗುವುದಿಲ್ಲ ಅನ್ನುವುದಕ್ಕೆ ಆಧಾರ ಇಲ್ಲ ಅಂತಲೂ ಎಚ್ಚರಿಸಿದೆ. ಹೆಲ್ಮೆಟ್ ಹಾಕಿದೆ, ಈಗ ಜೋರಾಗಿ ಹೊಡಿ ಅನ್ನುವ ಮಾತು ಕೇಳಿಸಿದರೆ ನೀವೇ ಎದ್ದು ನಿಲ್ಲಿಸಿ.

ತಲೆಗೆ ಪೆಟ್ಟಾದ ಮೇಲೆ ಮಂಕಾದರೆ, ತಲೆನೋವು, ತಲೆಸುತ್ತು, ವಾಂತಿ ಬಂದರೆ, ಏನಾಯಿತು ಅಂತ ನೆನಪಿಲ್ಲದಿದ್ದರೆ, ಆ ದಿನ ಮತ್ತೆ ಆಡಲು ಬಿಡಬಾರದು. ಪ್ರಜ್ಞೆ ತಪ್ಪಿದರೆ, ವಾಂತಿ ನಿಲ್ಲದಿದ್ದರೆ, ಎಬ್ಬಿಸಿದರೂ ಏಳದಷ್ಟು ನಿದ್ದೆ ಬಂದರೆ ನೇರ ಆಸ್ಪತ್ರೆ. ಉಳಿದವರೂ ಡಾಕ್ಟರರು ನೋಡಿ ಸರಿ ಅನ್ನುವವರೆಗೆ ಕ್ಲಾಸಿಗೆ ಬರಬಾರದು. "ಏನಾಗಲ್ಲ, ಗಟ್ಟಿ ಹುಡುಗ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಉಳುಕಿದ ಕಾಲಿಗೆ ಬಟ್ಟೆಯಲ್ಲಿ ಸುತ್ತಿದ ಐಸು, ಬಿಗಿ ಪಟ್ಟಿ, ವಿಶ್ರಾಂತಿ. ತಿಕ್ಕಿ ಎಣ್ಣೆ ಹಚ್ಚುವುದು ಬೇಡ. 10-14ರ ವಯಸ್ಸಿನಲ್ಲಿ ಮಂಡಿಯ ಕೆಳಗೆ ಗಂಟಿನ ಹಾಗೆ ಉಬ್ಬಿ ನೋವು ಬಂದರೆ ಅದು ಬೆಳೆಯುವ ವಯಸ್ಸಿನಲ್ಲಿ ಸಾಮಾನ್ಯ. ಆದರೂ ಡಾಕ್ಟರಿಗೆ ತೋರಿಸಿ, ಹಾರುವುದನ್ನು ಸ್ವಲ್ಪ ದಿನ ಕಡಿಮೆ ಮಾಡಿ.

8. ಮನಸ್ಸಿನ ವಿಷಯದಲ್ಲಿ ಏನು ನಿರೀಕ್ಷಿಸಬಹುದು

ಆರು ತಿಂಗಳ ಹೊತ್ತಿಗೆ ಸಣ್ಣ ಸಣ್ಣ ಬದಲಾವಣೆ ಕಾಣುತ್ತದೆ. ಮಗು ಸರದಿ ಕಾಯುತ್ತದೆ. ಸೋತಾಗ ಅಳುತ್ತದೆ, ಆದರೆ ಎದುರಾಳಿಗೆ ಬಾಗಿ ನಮಸ್ಕರಿಸಿಯೇ ಅಳುತ್ತದೆ. ಬಾಯಿ ಬಿಡದ ಮಗು, ಹೊಡೆಯುವಾಗ ಕಿಯಾಯ್ ಅಂತ ಕೂಗುವುದಕ್ಕೇ ಎರಡು ತಿಂಗಳು ಬೇಕಾಗಬಹುದು. ಒಂದು ದಿನ ಆ ದನಿ ಹೊರಗೆ ಬಂದ ಮೇಲೆ ಸ್ಕೂಲಿನಲ್ಲೂ ಕೈ ಎತ್ತಲು ಶುರು ಮಾಡುತ್ತದೆ. ಸಿಟ್ಟಿನ ಮಕ್ಕಳಿಗೆ ಕಾತಾವನ್ನು ನಿಧಾನವಾಗಿ ಮಾಡಿಸುವುದು ಒಳ್ಳೆಯದು. ಉಸಿರು ಬಿಗಿ ಹಿಡಿದರೆ ನಿಧಾನ ಮಾಡಲು ಆಗುವುದೇ ಇಲ್ಲ.

ಸ್ಕೂಲಿನಲ್ಲಿ ಗೋಳು ಹೊಯ್ದುಕೊಳ್ಳುವವರ ಸಮಸ್ಯೆ ಇದ್ದರೆ, "ಕರಾಟೆ ಕಲಿತು ನಾಲ್ಕು ಬಾರಿಸು" ಅಂತ ಹೇಳಿಕೊಡಬೇಡಿ. ಮಗುವಿಗೆ ಬೇಕಾದ್ದು ನೆಟ್ಟಗೆ ನಿಲ್ಲುವುದು, ಕಣ್ಣಲ್ಲಿ ಕಣ್ಣಿಟ್ಟು "ಬೇಡ" ಅಂತ ಜೋರಾಗಿ ಹೇಳುವುದು, ಅಲ್ಲಿಂದ ಹೊರಟು ದೊಡ್ಡವರಿಗೆ ತಿಳಿಸುವುದು. ಒಳ್ಳೆಯ ಕ್ಲಾಸಿನಲ್ಲಿ ಈ ಮೂರನ್ನೂ ಅಭ್ಯಾಸ ಮಾಡಿಸುತ್ತಾರೆ. ಸ್ಕೂಲಿನವರ ಹತ್ತಿರ ಹೋಗಿ ಮಾತಾಡುವ ಕೆಲಸ ಮಾತ್ರ ನಿಮ್ಮದೇ.

ಒಂದು ಮಿತಿಯನ್ನೂ ಹೇಳಬೇಕು. ಮಗು ವಾರಗಟ್ಟಲೆ ಸಪ್ಪಗಿದ್ದರೆ, ಊಟ ನಿದ್ದೆ ಬಿಟ್ಟರೆ, ಸಾಯುವ ಮಾತಾಡಿದರೆ ಅದಕ್ಕೆ ಕ್ಲಾಸು ಔಷಧ ಅಲ್ಲ. 2022ರಲ್ಲಿ ಸರ್ಕಾರ ಶುರು ಮಾಡಿದ ಟೆಲಿ ಮಾನಸ್‌ಗೆ 14416ಕ್ಕೆ ಫೋನ್ ಮಾಡಬಹುದು, ಭಾಷೆ ಆರಿಸಿಕೊಂಡು ಕನ್ನಡದಲ್ಲೇ ಮಾತಾಡಬಹುದು. ಅತಿ ಚಟುವಟಿಕೆ, ಗಮನದ ತೊಂದರೆ ಇರುವ ಮಕ್ಕಳಿಗೆ ಕ್ಲಾಸು ಜೊತೆಗಿನ ಸಹಾಯ ಅಷ್ಟೆ. ನಡೆಯುತ್ತಿರುವ ಚಿಕಿತ್ಸೆ ನಿಲ್ಲಿಸಬೇಡಿ.

9. ಸ್ಪರ್ಧೆ, ಮಾರ್ಕು, ಹತ್ತನೇ ಕ್ಲಾಸು

ವರ್ಷಕ್ಕೆ ಒಂದೆರಡು ಸ್ಪರ್ಧೆ ಸಾಕು. ಹಾಲ್ ಬಾಡಿಗೆ ಹಿಡಿದು "ಇಂಟರ್‌ನ್ಯಾಷನಲ್ ಚಾಂಪಿಯನ್‌ಶಿಪ್" ಅಂತ ಬ್ಯಾನರ್ ಕಟ್ಟಿ, ಬಂದವರಿಗೆಲ್ಲ ಪದಕ ಹಂಚುವುದು ಈಗ ದೊಡ್ಡ ವ್ಯಾಪಾರ. ಮಹಾರಾಷ್ಟ್ರ ಬೋರ್ಡಿನ 10 ಮತ್ತು 12ನೇ ತರಗತಿಗೆ ಕ್ರೀಡಾ ಗ್ರೇಸ್ ಮಾರ್ಕ್ಸ್ ಸಿಗುತ್ತದೆ, ನಿಜ. ಆದರೆ ಅದು ಮಾನ್ಯತೆ ಇರುವ ಆಟ, ಮಾನ್ಯತೆ ಇರುವ ಮಟ್ಟದ ಸ್ಪರ್ಧೆಗೆ ಮಾತ್ರ. ನಿಮ್ಮ ಕೈಯಲ್ಲಿರುವ ಸರ್ಟಿಫಿಕೇಟ್ ನಡೆಯುತ್ತದಾ ಅಂತ ಮೇಷ್ಟ್ರನ್ನು ಕೇಳುವ ಬದಲು ಶಾಲೆಯ ಪಿಟಿ ಟೀಚರನ್ನು, ಜಿಲ್ಲಾ ಕ್ರೀಡಾ ಕಚೇರಿಯನ್ನು ಕೇಳಿ.

ಹತ್ತನೇ ಕ್ಲಾಸಿಗೆ ಬಂದ ಕೂಡಲೇ ಬಿಡಿಸುವುದು ನಮ್ಮವರ ಪದ್ಧತಿ. ವಾರಕ್ಕೆ ಒಂದೇ ದಿನ ಮಾಡಿ, ಆದರೆ ಪೂರ್ತಿ ನಿಲ್ಲಿಸಬೇಡಿ. ಓದಿನ ಒತ್ತಡ ಜಾಸ್ತಿ ಇರುವ ವರ್ಷವೇ ಬೆವರು ಹರಿಸಲು ಒಂದು ಜಾಗ ಬೇಕು.

10. ಹತ್ತಿರದಲ್ಲಿ ಒಳ್ಳೆಯ ಕ್ಲಾಸೇ ಇಲ್ಲದಿದ್ದರೆ

ಮುಂಬಯಿಯಲ್ಲಿ ನಮ್ಮವರ ಸಂಘಗಳಿಗೇನು ಕಮ್ಮಿ? ಮಾಟುಂಗದಿಂದ ಡೊಂಬಿವಲಿಯವರೆಗೆ ಕನ್ನಡ, ತುಳು ಸಂಘಗಳಿವೆ, ಎಷ್ಟಕ್ಕೋ ಸ್ವಂತ ಹಾಲ್ ಇದೆ. ಶನಿವಾರ ಭಾನುವಾರ ಮದುವೆ, ಯಕ್ಷಗಾನ, ಸನ್ಮಾನ. ವಾರದ ನಡುವಿನ ಸಂಜೆ ಎಷ್ಟೋ ಹಾಲುಗಳಿಗೆ ಬೀಗ. ಹತ್ತು ಹನ್ನೆರಡು ಮಕ್ಕಳ ಅಪ್ಪ ಅಮ್ಮಂದಿರು ಸೇರಿ ಸಮಿತಿಯವರ ಹತ್ತಿರ ಹೋಗಿ. ವಾರಕ್ಕೆ ಎರಡು ಸಂಜೆ, ತಲಾ ಒಂದೂಕಾಲು ಗಂಟೆ ಅಂತ ಕೇಳಿ. ಕರೆಂಟು ಮತ್ತು ಗುಡಿಸುವವರ ಖರ್ಚು ನಾವು ಕೊಡುತ್ತೇವೆ ಅಂತ ಮೊದಲೇ ಹೇಳಿ, ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ. ಮ್ಯಾಟುಗಳನ್ನು ಎಲ್ಲರೂ ಸೇರಿ ಕೊಂಡು, ಸಂಘದ ಹೆಸರಿನಲ್ಲೇ ಇಡಿ.

ಮೇಷ್ಟ್ರು ಕನ್ನಡದವರೇ ಆಗಬೇಕೆಂದಿಲ್ಲ. ಮರಾಠಿಯಲ್ಲೋ ಹಿಂದಿಯಲ್ಲೋ ಕಲಿಸಿದರೂ ಮಕ್ಕಳಿಗೆ ಅರ್ಥವಾಗುತ್ತದೆ. ಪೊಲೀಸ್ ವೆರಿಫಿಕೇಷನ್ ಪತ್ರ ಕೇಳಿ. ಅವರು ಎಲ್ಲಿ ಕಲಿತರು, ಈಗ ಎಲ್ಲಿ ಕಲಿಸುತ್ತಾರೆ ಅಂತ ತಿಳಿದುಕೊಂಡು ಆ ಕ್ಲಾಸಿಗೇ ಒಮ್ಮೆ ಹೋಗಿ ಕೂತು ನೋಡಿ ಬನ್ನಿ. ಪ್ರತಿ ಸಂಜೆ ಇಬ್ಬರು ಪೋಷಕರು ಹಾಲಿನಲ್ಲಿ ಇರುವ ಹಾಗೆ ಸರದಿ ಹಾಕಿಕೊಳ್ಳಿ. ಫಸ್ಟ್ ಏಡ್ ಡಬ್ಬಿ, ಹತ್ತಿರದ ಆಸ್ಪತ್ರೆಯ ನಂಬರು, ಪ್ರತಿ ಮಗುವಿನ ಮನೆಯ ನಂಬರು ಗೋಡೆಯ ಮೇಲೆ ಅಂಟಿಸಿರಲಿ. ಸಮಿತಿಯ ಹಿರಿಯರೊಬ್ಬರು "ಇಲ್ಲಿ ಇದೆಲ್ಲ ಯಾಕೆ" ಅಂದೇ ಅನ್ನುತ್ತಾರೆ. ಅವರ ಮೊಮ್ಮಗುವನ್ನು ಮೊದಲು ಸೇರಿಸಿಕೊಳ್ಳಿ.